ಕರ್ನಾಟಕ ರಾಜ್ಯದ ತೆರಿಗೆ ಮತ್ತು ವೆಚ್ಚ: ತೆರಿಗೆ ಕೊಡುವವರ ಕಡೆಯಿಂದ

ಕರ್ನಾಟಕದ ಬೊಕ್ಕಸವನ್ನು ತುಂಬುವವರು ಯಾರು ಎಂದು ಕೇಳಿದರೆ, ಆದಾಯ ತೆರಿಗೆ ಕಟ್ಟುವ ಸಂಬಳದಾರರು ಮತ್ತು ಕಂಪನಿಗಳು ಎನ್ನುವವರೇ ಹೆಚ್ಚು. ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು. ಅದರಲ್ಲಿ ರಾಜ್ಯಕ್ಕೆ ಬರುವುದು ಹಣಕಾಸು ಆಯೋಗ ಗೊತ್ತುಮಾಡಿದ ಪಾಲು ಮಾತ್ರ. ರಾಜ್ಯ ತಾನೇ ಎತ್ತುವ ತೆರಿಗೆಯ ಬಹುಭಾಗ ಕೊಳ್ಳುವ ಸಾಮಾನಿನ ಬೆಲೆಯೊಳಗೆ ಸೇರಿಕೊಂಡಿರುತ್ತದೆ. ಸೋಪು, ಚಪ್ಪಲಿ, ಡೀಸೆಲ್, ಮದ್ಯ, ನಿವೇಶನ, ಸ್ಕೂಟರ್ ಯಾವುದನ್ನು ಕೊಂಡರೂ ಕೊಂಡವರು ರಾಜ್ಯದ ತೆರಿಗೆದಾರರೇ. ಪ್ಯಾನ್ ಕಾರ್ಡ್ ಕಾಣದ ರಾಯಚೂರಿನ ಕೂಲಿಯಾಳು ಮತ್ತು ಸಂತೆಗೆ ಬರುವ ಸಿರ್ಸಿಯ ಮುದುಕಿ ಕೂಡ ಈ ಲೆಕ್ಕಕ್ಕೆ ಸೇರಿದವರು. ಕೊಡುವಾಗ ತೆರಿಗೆ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರ ಖರ್ಚು ಮಾಡುವಾಗ ಮಾತ್ರ ಪ್ರತಿ ಯೋಜನೆಗೂ ಹೆಸರು, ಭಾವಚಿತ್ರ, ಜಾಹೀರಾತು ಇರುತ್ತವೆ. ರಾಜ್ಯದ ಹಣಕಾಸಿನ ಬಗ್ಗೆ ನಡೆಯುವ ವಾದಗಳು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ.

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ರಾಜಸ್ವ ಸ್ವೀಕೃತಿಯ ಅಂದಾಜು 2,92,477 ಕೋಟಿ. ಅದರಲ್ಲಿ 2,08,100 ಕೋಟಿ ರಾಜ್ಯದ ಸ್ವಂತ ತೆರಿಗೆ. ಎಂದರೆ ನೂರಕ್ಕೆ ಎಪ್ಪತ್ತೊಂದು ಪಾಲು. ಕೇಂದ್ರದ ತೆರಿಗೆ ಪಾಲು 51,877 ಕೋಟಿ, ಕೇಂದ್ರದ ಸಹಾಯಾನುದಾನ 16,000 ಕೋಟಿ, ತೆರಿಗೆಯೇತರ ಆದಾಯ 16,500 ಕೋಟಿ. ಜನಸಂಖ್ಯೆಯನ್ನು ಏಳು ಕೋಟಿಯ ಸಮೀಪ ಎಂದು ಹಿಡಿದರೆ ಹಸುಗೂಸಿನಿಂದ ಹಿಡಿದು ಪ್ರತಿಯೊಬ್ಬರ ತಲೆಗೆ ವರ್ಷಕ್ಕೆ ಸುಮಾರು 30 ಸಾವಿರ ರೂಪಾಯಿ ರಾಜ್ಯ ತೆರಿಗೆ ಬೀಳುತ್ತದೆ. ಹಲವು ರಾಜ್ಯಗಳು ದೆಹಲಿಯಿಂದ ಬರುವ ಹಣವನ್ನೇ ಬಹುವಾಗಿ ನೆಚ್ಚಿಕೊಂಡಿವೆ. ಕರ್ನಾಟಕ ಹಾಗಲ್ಲ, ಇಲ್ಲಿ ವಿಧಾನಸೌಧ ಖರ್ಚು ಮಾಡುವ ಹಣದ ಬಹುಪಾಲು ಇಲ್ಲಿನವರ ಜೇಬಿನಿಂದ ನೇರವಾಗಿ ಬಂದದ್ದು.

ಹಿನ್ನೆಲೆ

ತೆರಿಗೆಯ ಕಾರಣಕ್ಕೆ ಆಳ್ವಿಕೆಯೇ ಕೈಬಿಟ್ಟುಹೋದ ನೆನಪು ಈ ನಾಡಿಗಿದೆ. ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧ ಮುಗಿದು 1799ರಲ್ಲಿ ಒಡೆಯರಿಗೆ ಮರಳಿದ ಮೈಸೂರು ಸಂಸ್ಥಾನ, ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಾಗಿತ್ತು. ಇಷ್ಟು ವಸೂಲಿ ಮಾಡಿಕೊಡುತ್ತೇನೆ ಎಂದು ಅಮಲ್ದಾರರಿಂದ ಮುಂಚೆಯೇ ಕರಾರು ಬರೆಸಿಕೊಳ್ಳುವ ಶರತ್ತು ಪದ್ಧತಿಯಲ್ಲಿ ರೈತರ ಮೇಲೆ ಒತ್ತಡ ಮಿತಿಮೀರಿತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕಟ್ಟುವುದಿಲ್ಲ ಎಂದರು. ದಂಗೆ ಹಬ್ಬಿತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡರು. ಅದು ಅರಮನೆಗೆ ಮರಳಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಅದೇ ವರ್ಷ ದಿವಾನ್ ರಂಗಾಚಾರ್ಲು ಸೇರಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಸಂಸ್ಥಾನದ ಆದಾಯ ವೆಚ್ಚದ ವಿವರವನ್ನು ರೈತರ ಮತ್ತು ವರ್ತಕರ ಪ್ರತಿನಿಧಿಗಳ ಮುಂದಿಡುವ ಪದ್ಧತಿ ಮೊದಲಾಯಿತು. ಮತ ಹಾಕುವ ಅಧಿಕಾರ ಸಭೆಗೆ ಇರಲಿಲ್ಲ, ನಿಜ. ಆದರೂ ಲೆಕ್ಕವನ್ನು ಕೊಟ್ಟವರ ಮುಂದೆ ಓದಬೇಕು ಎಂಬ ನಡವಳಿಕೆ ಇಲ್ಲಿ ಬೇರೂರಿದ್ದು ಅಂದಿನಿಂದ. ಹೊಸ ತೆರಿಗೆ ಹಾಕುವ ಮೊದಲು ಸಭೆಯ ಅಭಿಪ್ರಾಯ ಕೇಳಬೇಕೆಂಬುದು 1923ರ ಕಾಯ್ದೆಯಲ್ಲಿ ಸೇರಿತು.

ಆ ಕಾಲದಲ್ಲಿ ಆದಾಯವೆಂದರೆ ಭೂಕಂದಾಯ, ಅಬಕಾರಿ, ಅರಣ್ಯ ಮತ್ತು ಕೋಲಾರದ ಚಿನ್ನದ ಗಣಿಯ ರಾಜಧನ. ಮಾರಾಟ ತೆರಿಗೆ ಬಂದದ್ದು ತಡವಾಗಿ. ಮದರಾಸು ಪ್ರಾಂತ್ಯ 1939ರಲ್ಲಿ ಜಾರಿಗೆ ತಂದ ಸಾಮಾನ್ಯ ಮಾರಾಟ ತೆರಿಗೆ ಕನ್ನಡ ಜಿಲ್ಲೆಗಳಾದ ಬಳ್ಳಾರಿ ಮತ್ತು ದಕ್ಷಿಣ ಕನ್ನಡಕ್ಕೂ ತಟ್ಟಿತು; ಮೈಸೂರು 1948ರಲ್ಲಿ ತನ್ನದನ್ನು ತಂದಿತು. 1956ರಲ್ಲಿ ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು, ಮೈಸೂರು ಹೀಗೆ ಐದು ಆಡಳಿತಗಳ ಪ್ರದೇಶಗಳು ಒಂದಾದಾಗ, ಒಂದೇ ರಾಜ್ಯದೊಳಗೆ ಐದು ಬಗೆಯ ತೆರಿಗೆ ಕಾನೂನುಗಳಿದ್ದವು. ಮಾರಾಟ ತೆರಿಗೆ, ಮುದ್ರಾಂಕ, ಮೋಟಾರು ವಾಹನ ತೆರಿಗೆ ಈ ಮೂರೂ ಕಾಯ್ದೆಗಳ ಹೆಸರಿನೊಂದಿಗೆ 1957 ಎಂಬ ವರ್ಷ ಅಂಟಿಕೊಂಡಿರುವುದಕ್ಕೆ ಇದೇ ಕಾರಣ. ಊರ ಬಾಗಿಲಲ್ಲಿ ಗಾಡಿ ತಡೆದು ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ 1979ರಲ್ಲಿ ಹೋಗಿ ಪ್ರವೇಶ ತೆರಿಗೆ ಬಂತು. 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಿಂದ ಜಿಎಸ್‌ಟಿ. ಒಂದು ಕಾಲಕ್ಕೆ ರಾಜ್ಯವನ್ನು ಹೊತ್ತಿದ್ದ ಭೂಕಂದಾಯ ಇಂದು ಆಯವ್ಯಯದ ಮೊತ್ತದಲ್ಲಿ ಗಣನೆಗೆ ಬಾರದಷ್ಟು ಚಿಕ್ಕದು.

ಅಂಗಡಿಯಲ್ಲಿ ಕಟ್ಟುವ ತೆರಿಗೆ

ವಾಣಿಜ್ಯ ತೆರಿಗೆ ಇಲಾಖೆಯ 2025-26ರ ಗುರಿ 1,20,000 ಕೋಟಿ. ಇದರ ದೊಡ್ಡ ಭಾಗ ಜಿಎಸ್‌ಟಿ. ಶೇ 18ರ ದರದ ಸಾಮಾನಿಗೆ ಒಂದು ಲಕ್ಷ ರೂಪಾಯಿ ಕೊಟ್ಟರೆ ಅದರ ಮೇಲೆ 18,000 ತೆರಿಗೆ. ಒಂಬತ್ತು ಸಾವಿರ ರಾಜ್ಯಕ್ಕೆ, ಒಂಬತ್ತು ಸಾವಿರ ಕೇಂದ್ರಕ್ಕೆ. ಸಾಮಾನು ಎಲ್ಲಿ ತಯಾರಾಯಿತು ಎಂಬುದಕ್ಕಿಂತ ಎಲ್ಲಿ ಬಳಕೆಯಾಯಿತು ಎಂಬುದರ ಮೇಲೆ ತೆರಿಗೆ ಯಾವ ರಾಜ್ಯಕ್ಕೆ ಎಂಬುದು ನಿಶ್ಚಯವಾಗುತ್ತದೆ. ಪೀಣ್ಯದಲ್ಲಿ ತಯಾರಾದ ಯಂತ್ರ ಪಟ್ನಾದಲ್ಲಿ ಮಾರಾಟವಾದರೆ ರಾಜ್ಯದ ಪಾಲಿನ ತೆರಿಗೆ ಬಿಹಾರಕ್ಕೆ. ದರ ನಿರ್ಧಾರವಾಗುವುದು ಕೇಂದ್ರ ಹಣಕಾಸು ಸಚಿವರ ಅಧ್ಯಕ್ಷತೆಯ ಜಿಎಸ್‌ಟಿ ಮಂಡಳಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು 28ರ ಹಂತಗಳು ಹೋಗಿ ಮುಖ್ಯವಾಗಿ 5, 18 ಮತ್ತು ಆಯ್ದ ಸರಕಿಗೆ 40ರ ದರಗಳು ಉಳಿದವು. ಕೊಳ್ಳುವವರಿಗೆ ಇದರಿಂದ ನಿಜವಾದ ಅನುಕೂಲವಾಯಿತು. ರಾಜ್ಯದ ವರಮಾನಕ್ಕೆ ಅಷ್ಟೇ ಪೆಟ್ಟು. ಮಂಡಳಿಯಲ್ಲಿ ಕರ್ನಾಟಕದ್ದು ಒಂದು ಮತ. ಅತಿ ದೊಡ್ಡ ತೆರಿಗೆಯ ದರವನ್ನು ವಿಧಾನಸಭೆ ತಾನೊಂದೇ ನಿರ್ಧರಿಸಲಾರದು ಎಂಬುದು ತೆರಿಗೆದಾರರು ಗಮನಿಸಬೇಕಾದ ಸಂಗತಿ. ತೆರಿಗೆ ಹೆಚ್ಚಾಯಿತೆಂದು ಶಾಸಕರನ್ನು ಕೇಳಿದರೆ ಅವರು ದೆಹಲಿಯ ಕಡೆ ಕೈ ತೋರಿಸಬಹುದು, ಅದು ಪೂರ್ತಿ ಸುಳ್ಳೂ ಆಗಿರುವುದಿಲ್ಲ.

ಜಿಎಸ್‌ಟಿ ಬೀದಿಗೆ ಬಂದು ಚರ್ಚೆಯಾದದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿಗಳಿಗೆ ನೋಟಿಸ್ ಕಳುಹಿಸಿತು. ಹಳೆಯ ವರ್ಷಗಳ ವಹಿವಾಟಿಗೂ ಸೇರಿಸಿ ಲಕ್ಷಗಟ್ಟಲೆ ತೆರಿಗೆ ಕೇಳಿದ್ದ ನೋಟಿಸುಗಳಿದ್ದವು. ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿ ಕ್ಯೂಆರ್ ಕೋಡ್ ಹರಿದುಹಾಕಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಕಾನೂನು ಸರಳವಾಗಿಯೇ ಇದೆ: ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ನೀಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಆದರೆ ವಹಿವಾಟು ಬೇರೆ, ಲಾಭ ಬೇರೆ. ಹಾಲು ಮತ್ತು ತರಕಾರಿಗೆ ತೆರಿಗೆಯೇ ಇಲ್ಲ. ಮನೆಮಂದಿಯಿಂದ ಬಂದ ಕೈಸಾಲವೂ ಅದೇ ಖಾತೆಯಲ್ಲಿ ಕಾಣುತ್ತದೆ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳು ವಹಿವಾಟಿನ ಶೇ 1ರಷ್ಟು ಕಟ್ಟಿ ಮುಗಿಸುವ ರಾಜಿ ತೆರಿಗೆ ಪದ್ಧತಿ ಇದೆಯೆಂದು ಮೊದಲೇ ಅಂಗಡಿ ಅಂಗಡಿಗೆ ಹೋಗಿ ತಿಳಿಹೇಳಿದ್ದರೆ ಆ ಗಾಬರಿ ಏಳುತ್ತಿರಲಿಲ್ಲ. ವ್ಯಾಪಾರಿಗಳು ಬಂದ್‌ಗೆ ಕರೆಕೊಟ್ಟ ಮೇಲೆ ಮುಖ್ಯಮಂತ್ರಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಾಯಿಸಿಕೊಳ್ಳಿ ಎಂದರು. ದೊಡ್ಡ ವಂಚನೆಗಳನ್ನು ಹಿಡಿಯಲು ಬೇಕಾದ ಮಾಹಿತಿಯ ಬಲ ಮೊದಲು ಬೀದಿಬದಿಯವರ ಮೇಲೆ ಪ್ರಯೋಗವಾದದ್ದು ತೆರಿಗೆ ಆಡಳಿತದ ಮೇಲಿನ ವಿಶ್ವಾಸಕ್ಕೆ ಒಳ್ಳೆಯದು ಮಾಡಲಿಲ್ಲ.

ಇಂಧನ, ಮದ್ಯ, ಆಸ್ತಿ, ವಾಹನ

ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ದರ ಏರಿಸಲು ಉಳಿದ ದೊಡ್ಡ ಬಾಗಿಲುಗಳು ಈ ನಾಲ್ಕು. ಹಣ ಬೇಕಾದಾಗಲೆಲ್ಲ ಯಾವ ಪಕ್ಷದ ಸರ್ಕಾರವಾದರೂ ಇವನ್ನೇ ತಟ್ಟುತ್ತದೆ.

ಪೆಟ್ರೋಲ್ ಮತ್ತು ಡೀಸೆಲ್ ಮೇಲೆ ಇಂದಿಗೂ 1957ರ ಮಾರಾಟ ತೆರಿಗೆ ಕಾಯ್ದೆಯೇ ನಡೆಯುತ್ತದೆ. 2024ರ ಜೂನ್ 15ರಂದು ಪೆಟ್ರೋಲ್ ತೆರಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲ್ ತೆರಿಗೆ ಶೇ 14.34ರಿಂದ 18.44ಕ್ಕೆ ಏರಿತು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಎರಡು ವಾರ ತುಂಬುವ ಮೊದಲೇ ಬಂದ ಆದೇಶ ಇದು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 21.17 ಆಯಿತು. ಡೀಸೆಲ್ ಏರಿಕೆ ಲಾರಿ ಬಾಡಿಗೆಯ ದಾರಿಯಲ್ಲಿ ತರಕಾರಿಗೂ ಸಿಮೆಂಟಿಗೂ ಹರಡುತ್ತದೆ. ಗಾಡಿಯಿಲ್ಲದವರೂ ಅದನ್ನು ಕೊಡುತ್ತಾರೆ.

ಅಬಕಾರಿಯ 2025-26ರ ಗುರಿ 40,000 ಕೋಟಿ. 2003ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಪಾನೀಯ ನಿಗಮ ಮದ್ಯದ ಸಗಟು ಮಾರಾಟವನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ ಸೋರಿಕೆ ತಗ್ಗಿ ವರಮಾನ ಏರುತ್ತ ಬಂತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮಿನ ಕಡೆ ತಿರುಗಿದರು, ಅವುಗಳ ಮೇಲಿನ ಸುಂಕ ಖಜಾನೆಗೆ ಬಂತು. ಈ ತೆರಿಗೆಯ ಹೊರೆಯಲ್ಲಿ ಬಹಳಷ್ಟನ್ನು ಹೊರುವುದು ದಿನಗೂಲಿಯ ಮನೆಗಳು. ಆ ಮನೆಯ ಗಂಡಸು ಕುಡಿದು ಕಟ್ಟಿದ ಸುಂಕ, ಅದೇ ಮನೆಯ ಹೆಂಗಸಿಗೆ ಮಾಸಾಶನವಾಗಿ ಮರಳುವ ವ್ಯವಸ್ಥೆಯನ್ನು ಕಲ್ಯಾಣ ಎಂದು ಕರೆಯುವ ಮೊದಲು, ನಡುವೆ ಆ ಮನೆ ಕಳೆದುಕೊಂಡ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುದ್ರಾಂಕ ಮತ್ತು ನೋಂದಣಿಯಿಂದ 2025-26ರ ನಿರೀಕ್ಷೆ 28,000 ಕೋಟಿ. ಇಲ್ಲಿ ತೆರಿಗೆ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ನಗರದಲ್ಲಿ 50 ಲಕ್ಷದ ನಿವೇಶನ ಕೊಂಡರೆ ಮುದ್ರಾಂಕ ಶುಲ್ಕ ಶೇ 5, ಎರಡೂವರೆ ಲಕ್ಷ. ಆ ಶುಲ್ಕದ ಮೇಲೆ ಶೇ 10 ಉಪಕರ 25,000, ಶೇ 2 ಅಧಿಭಾರ 5,000. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು ಒಂದು ಲಕ್ಷ. ಒಟ್ಟು 3,80,000. ಹಳ್ಳಿಯಲ್ಲಿ ಅಧಿಭಾರ ಶೇ 3. ದರ ಹಾಗೇ ಇದ್ದರೂ ಮಾರ್ಗಸೂಚಿ ದರ ಪರಿಷ್ಕರಣೆಯಾದಾಗ, 2023ರ ಅಕ್ಟೋಬರ್ 1ರಂದು ಆದಂತೆ, ಕಟ್ಟುವ ಹಣ ತಾನಾಗಿ ಏರುತ್ತದೆ. ಶುಲ್ಕ ಹೆಚ್ಚಿದಷ್ಟೂ ಪತ್ರದಲ್ಲಿ ಬೆಲೆ ಕಡಿಮೆ ಬರೆದು ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ಬೆಳೆಯುತ್ತದೆ. ಪ್ರಾಮಾಣಿಕವಾಗಿ ಪೂರ್ತಿ ಬೆಲೆ ಬರೆಸುವ, ಬ್ಯಾಂಕ್ ಸಾಲದಲ್ಲಿ ಮನೆ ಕೊಳ್ಳುವ ಸಂಬಳದಾರರೇ ಇಲ್ಲಿ ಹೆಚ್ಚು ತೆರುವವರು.

ವಾಹನ ತೆರಿಗೆಯಲ್ಲಿ ಕರ್ನಾಟಕ ದೇಶದ ದುಬಾರಿ ರಾಜ್ಯಗಳ ಮುಂಚೂಣಿಯಲ್ಲಿದೆ. ಕಾರಿನ ಬೆಲೆಯ ಮೇಲೆ ಜೀವಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, ಹತ್ತು ಲಕ್ಷದವರೆಗೆ 14, ಇಪ್ಪತ್ತರವರೆಗೆ 17, ಅದರ ಮೇಲೆ 18. ಇದರ ಮೇಲೆ ಉಪಕರ. ಹನ್ನೆರಡು ಲಕ್ಷದ ಕಾರಿಗೆ ಉಪಕರ ಬಿಟ್ಟೇ 2,04,000 ರೂಪಾಯಿ. ಪುದುಚೇರಿ ನೋಂದಣಿಯ ಐಷಾರಾಮಿ ಕಾರುಗಳು ಬೆಂಗಳೂರಿನ ರಸ್ತೆಯಲ್ಲಿ ಓಡುವುದಕ್ಕೂ ಸಾರಿಗೆ ಇಲಾಖೆ ಅವನ್ನು ಹಿಡಿಯುವುದಕ್ಕೂ ಕಾರಣ ಈ ಅಂತರ. 2016ರಿಂದ ವಿದ್ಯುತ್ ವಾಹನಗಳಿಗೆ ಪೂರ್ತಿ ವಿನಾಯಿತಿ ಇತ್ತು; 2024ರಲ್ಲಿ 25 ಲಕ್ಷ ಮೀರಿದವುಗಳಿಗೆ ಶೇ 10 ತೆರಿಗೆ ಹಾಕಲಾಯಿತು.

ಚಿಕ್ಕ ತೆರಿಗೆಗಳಲ್ಲಿ ವೃತ್ತಿ ತೆರಿಗೆ ಸಂಬಳದ ಚೀಟಿಯಲ್ಲೇ ಕಾಣುತ್ತದೆ: ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳದವರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300. ವರ್ಷಕ್ಕೆ 2,500 ಮೀರಬಾರದೆಂಬುದು ಸಂವಿಧಾನದ 276ನೇ ವಿಧಿಯ ಮಿತಿ. ಆ ಮಿತಿ 1988ರಿಂದ ಬದಲಾಗಿಲ್ಲ. ವಿದ್ಯುತ್ ಬಿಲ್ಲಿನಲ್ಲಿ ಶೇ 9 ತೆರಿಗೆ, 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿಗಾಗಿ ಯೂನಿಟ್ಟಿಗೆ ಇಷ್ಟೆಂದು (2025-26ರಲ್ಲಿ 36 ಪೈಸೆ) ಬೇರೆ. ಆಸ್ತಿ ತೆರಿಗೆ ಸ್ಥಳೀಯ ಸಂಸ್ಥೆಯದಾದರೂ ಅದರ ಬೆನ್ನಿಗೆ ಆರೋಗ್ಯ, ಗ್ರಂಥಾಲಯ, ಭಿಕ್ಷಾಟನೆ ನಿಷೇಧದ ಉಪಕರಗಳಿರುತ್ತವೆ. ಗ್ರಂಥಾಲಯ ಉಪಕರವನ್ನು ಮನೆ ಮಾಲೀಕರು ತಪ್ಪದೆ ಕಟ್ಟುತ್ತಾರೆ. ಅದನ್ನು ವಸೂಲಿ ಮಾಡಿದ ನಗರಾಡಳಿತ ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ದೂರು. ಪುಸ್ತಕ ಕೊಳ್ಳಲು ಹಣವಿಲ್ಲವೆಂಬ ಮಾತು ಕೇಳಿದಾಗಲೆಲ್ಲ ಇದನ್ನು ನೆನೆಯಬೇಕು.

ದೆಹಲಿಯ ಪಾಲು

ಕೇಂದ್ರದ ಹಂಚಿಕೆಗೆ ಒಳಪಡುವ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ. ಅದರೊಳಗೆ ಕರ್ನಾಟಕದ ಪಾಲನ್ನು 14ನೇ ಹಣಕಾಸು ಆಯೋಗ ಶೇ 4.713 ಎಂದಿತ್ತು; 15ನೇ ಆಯೋಗ ಅದನ್ನು 2021-26ರ ಅವಧಿಗೆ ಶೇ 3.647ಕ್ಕೆ ಇಳಿಸಿತು. ಆ ಅವಧಿಯಲ್ಲಿ ಹಂಚಿಕೆಗೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ಕರ್ನಾಟಕಕ್ಕೆ ಸಿಗುತ್ತಿದ್ದದ್ದು ಒಂದೂವರೆ ರೂಪಾಯಿ. ತಲಾ ಆದಾಯ ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು ಕೊಡುವ ಮಾನದಂಡಕ್ಕೇ ಶೇ 45 ತೂಕ ಇದ್ದದ್ದು ಇದಕ್ಕೆ ಮುಖ್ಯ ಕಾರಣ. ಕೇಂದ್ರ ಹಾಕುವ ಉಪಕರ ಮತ್ತು ಅಧಿಭಾರಗಳು ಹಂಚಿಕೆಗೇ ಬರುವುದಿಲ್ಲ. 2024ರ ಫೆಬ್ರವರಿ 7ರಂದು ರಾಜ್ಯ ಸಚಿವ ಸಂಪುಟ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ಈ ಅಸಮಾಧಾನದಿಂದ.

ಉಪಕರಗಳ ಬಗ್ಗೆ ರಾಜ್ಯದ ವಾದ ಗಟ್ಟಿಯಾದದ್ದು. ಆದರೆ ಬಡ ರಾಜ್ಯಕ್ಕೆ ಹೆಚ್ಚು ಪಾಲು ಏಕೆ ಎಂಬ ಪ್ರಶ್ನೆಯನ್ನು ಎತ್ತುವವರು ಕರ್ನಾಟಕದೊಳಗೂ ನೋಡಬೇಕಾಗುತ್ತದೆ. ಇಲ್ಲಿ ವರಮಾನದ ಬಹುಪಾಲು ಹುಟ್ಟುವುದು ಬೆಂಗಳೂರಿನಲ್ಲಿ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿ ಬಂತು. ಅಲ್ಲಿನ ಅಭಿವೃದ್ಧಿ ಮಂಡಳಿಗೆ 2025-26ರಲ್ಲಿ 5,000 ಕೋಟಿ ಇಡಲಾಯಿತು. ಬೆಂಗಳೂರಿನ ಹಣ ಯಾದಗಿರಿಗೆ ಹೋಗುವುದು ನ್ಯಾಯವಾದರೆ, ಕರ್ನಾಟಕದ ಒಂದಿಷ್ಟು ಹಣ ಬಿಹಾರಕ್ಕೆ ಹೋಗುವುದೂ ಅದೇ ನ್ಯಾಯ. ಎಷ್ಟು, ಯಾವ ಅಳತೆಯಲ್ಲಿ ಎಂಬುದಷ್ಟೇ ವಾದಕ್ಕೆ ಉಳಿಯುವ ವಿಷಯ.

ವೆಚ್ಚ

ಆಯವ್ಯಯ ಭಾಷಣದಲ್ಲಿ ಕಡಿಮೆ ಹೊತ್ತು ಪಡೆದು ಹೆಚ್ಚು ಹಣ ಪಡೆಯುವವು ಮೂರು: ಸರ್ಕಾರಿ ನೌಕರರ ಸಂಬಳ, ಪಿಂಚಣಿ, ಸಾಲದ ಬಡ್ಡಿ. ರಾಜಸ್ವ ಸ್ವೀಕೃತಿಯಲ್ಲಿ ಅರ್ಧಕ್ಕೂ ಹೆಚ್ಚು ಇವಕ್ಕೇ ಮೀಸಲು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದದ್ದರಿಂದಲೇ ವರ್ಷಕ್ಕೆ 20 ಸಾವಿರ ಕೋಟಿಗೂ ಹೆಚ್ಚಿನ ಹೊರೆ ಬಿತ್ತು. ಬಡ್ಡಿಯಂಥವು ಪ್ರಭೃತ ವೆಚ್ಚಗಳು. ಶಾಸಕರು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ.

ಹೆಚ್ಚು ಜಗಳ ನಡೆಯುವುದು ಐದು ಗ್ಯಾರಂಟಿಗಳ ಮೇಲೆ. 2025-26ರಲ್ಲಿ ಅವುಗಳಿಗೆ ಇಟ್ಟದ್ದು 51,034 ಕೋಟಿ: ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಗೆ 28,608, ಇನ್ನೂರು ಯೂನಿಟ್‌ವರೆಗಿನ ಗೃಹಜ್ಯೋತಿಗೆ 10,100, ಅನ್ನಭಾಗ್ಯಕ್ಕೆ 6,426, ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿಗೆ 5,300, ಯುವನಿಧಿಗೆ 600. ತೆರಿಗೆದಾರರ ಹಣವನ್ನು ತೆರಿಗೆ ಕೊಡದವರಿಗೆ ಹಂಚಲಾಗುತ್ತಿದೆ ಎಂಬ ಆಕ್ಷೇಪ ನಿಲ್ಲುವಂಥದ್ದಲ್ಲ; ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಎಣ್ಣೆ, ಸೋಪು, ಮಕ್ಕಳ ಚಪ್ಪಲಿ ಕೊಂಡಾಗ ಆಕೆಯೂ ತೆರಿಗೆ ಕೊಟ್ಟಿರುತ್ತಾಳೆ. ಗಟ್ಟಿ ಆಕ್ಷೇಪಗಳು ಬೇರೆ ಇವೆ. ಕಂತುಗಳು ತಿಂಗಳುಗಟ್ಟಲೆ ತಡವಾದರೆ ಅದನ್ನು ನಂಬಿ ಚೀಟಿ ಹಾಕಿದ ಹೆಂಗಸಿಗೆ ಭರವಸೆಯೇ ಹೊರೆಯಾಗುತ್ತದೆ. ಶಕ್ತಿಯ ಹಣ ಸಾರಿಗೆ ನಿಗಮಗಳಿಗೆ ಪೂರ್ತಿ ಸೇರದಿದ್ದರೆ ಹೊಸ ಬಸ್ಸು ಬರುವುದಿಲ್ಲ, ಇರುವ ಬಸ್ಸಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಗ್ಯಾರಂಟಿಗಳಿಗಿಂತ ಬಹಳ ಮುಂಚಿನಿಂದ ಇರುವ, ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೆ ವರ್ಷಕ್ಕೆ ಸುಮಾರು 16 ಸಾವಿರ ಕೋಟಿ ಹೋಗುತ್ತದೆ. ಅದರಲ್ಲಿ ಬಹುಪಾಲು ಮೀಟರಿಲ್ಲದ, ಅಂದಾಜಿನ ಲೆಕ್ಕ. ಕೊಳವೆಬಾವಿ ಕೊರೆಸಲು ಶಕ್ತಿಯಿದ್ದವರಿಗೇ ಇದು ಹೆಚ್ಚು ದಕ್ಕುತ್ತದೆ, ಮಳೆಯನ್ನೇ ನಂಬಿದ ಒಣಬೇಸಾಯದವರಿಗೆ ಏನೂ ಇಲ್ಲ. ಇದರ ಬಗ್ಗೆ ಸದನದಲ್ಲಿ ಮಾತೇ ಏಳುವುದಿಲ್ಲ.

ಇಲಾಖೆವಾರು ನೋಡಿದರೆ ಶಿಕ್ಷಣಕ್ಕೆ 45,286 ಕೋಟಿ, ಆರೋಗ್ಯಕ್ಕೆ 17,473 ಕೋಟಿ, ನೀರಾವರಿಗೆ 22,181 ಕೋಟಿ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆ 2013ರ ಕಾಯ್ದೆಯಂತೆ 42,018 ಕೋಟಿ ಗುರುತಿಸಲಾಯಿತು. ಗ್ಯಾರಂಟಿಗಳ ಖರ್ಚಿನ ಒಂದು ಭಾಗವನ್ನು ಇದೇ ಹಣದಿಂದ ತುಂಬಿಸುವುದಕ್ಕೆ ದಲಿತ ಸಂಘಟನೆಗಳ ವಿರೋಧವಿದೆ, ಆ ವಿರೋಧ ನ್ಯಾಯವಾದದ್ದು. ಎಲ್ಲರಿಗೂ ಸಿಗುವುದನ್ನು ವಿಶೇಷ ನಿಧಿಯ ಲೆಕ್ಕಕ್ಕೆ ಬರೆದರೆ ವಿಶೇಷವಾದದ್ದು ಉಳಿಯುವುದಿಲ್ಲ.

ಸಾಲ

ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3, ಒಟ್ಟು ಹೊಣೆಗಾರಿಕೆ ಶೇ 25 ಮೀರಬಾರದು, ರಾಜಸ್ವ ಕೊರತೆ ಇರಬಾರದು. 2004-05ರಿಂದ ಕೋವಿಡ್ ಬರುವವರೆಗೂ ರಾಜ್ಯ ರಾಜಸ್ವ ಹೆಚ್ಚುವರಿಯನ್ನು ಉಳಿಸಿಕೊಂಡಿತ್ತು. 2025-26ರಲ್ಲಿ ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ 7,64,655 ಕೋಟಿ, ಅಂದರೆ ಶೇ 24.91. ಎರಡು ಮಿತಿಗಳ ಅಂಚಿಗೆ ಬಂದು ನಿಂತಿದೆ, ಮೂರನೆಯದು ಆಗಲೇ ದಾಟಿದೆ. ಆ ವರ್ಷ ಎತ್ತುವ 1,16,000 ಕೋಟಿ ಸಾಲದಲ್ಲಿ 26,474 ಕೋಟಿ ಹಳೆಯ ಸಾಲ ತೀರಿಸಲು, ರಾಜಸ್ವ ಕೊರತೆಯಷ್ಟು ದಿನನಿತ್ಯದ ಖರ್ಚಿಗೆ. ಉಳಿದದ್ದು ರಸ್ತೆ, ಕಾಲುವೆ, ಕಟ್ಟಡಗಳ ಬಂಡವಾಳ ವೆಚ್ಚಕ್ಕೆ. ಬಂಡವಾಳ ವೆಚ್ಚ 71,336 ಕೋಟಿ. ಸಾಲ ಮಾಡಿ ಕಾಲುವೆ ಕಟ್ಟಿದರೆ ಮುಂದಿನ ತಲೆಮಾರಿಗೆ ಸಾಲದ ಜೊತೆ ಕಾಲುವೆಯೂ ಸಿಗುತ್ತದೆ. ಸಾಲ ಮಾಡಿ ಸಂಬಳ ಕೊಟ್ಟರೆ ಸಾಲವಷ್ಟೇ. ಗುತ್ತಿಗೆದಾರರಿಗೆ ಕೊಡದೆ ಉಳಿದ ಬಿಲ್ಲುಗಳು ಈ ಅಂಕಿಗಳಲ್ಲಿ ಕಾಣುವುದಿಲ್ಲ, ಅವೂ ಸಾಲವೇ.

ಲೆಕ್ಕ ಕೇಳುವ ದಾರಿಗಳು

ಕಾನೂನಿನ ಬಲವಿಲ್ಲದೆ ತೆರಿಗೆ ಎತ್ತಬಾರದು ಎನ್ನುತ್ತದೆ ಸಂವಿಧಾನದ 265ನೇ ವಿಧಿ. ಎತ್ತಿದ ಹಣ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಧನವಿನಿಯೋಗ ಮಸೂದೆ ಅಂಗೀಕಾರವಾಗದೆ ಅಲ್ಲಿಂದ ತೆಗೆಯುವಂತಿಲ್ಲ. ಸಾವಿರಾರು ಕೋಟಿಯ ಬೇಡಿಕೆಗಳು ಚರ್ಚೆಯೇ ಇಲ್ಲದೆ ಗದ್ದಲದ ನಡುವೆ ಒಪ್ಪಿಗೆ ಪಡೆಯುವುದನ್ನು ಕಂಡವರಿಗೆ ಈ ವ್ಯವಸ್ಥೆಯ ಸಡಿಲ ಗೊತ್ತು. ವರ್ಷದ ನಡುವೆ ಬರುವ ಪೂರಕ ಅಂದಾಜುಗಳು ಮೂಲ ಆಯವ್ಯಯವನ್ನೇ ಬದಲಿಸುತ್ತವೆ. ಹತ್ತು ತಿಂಗಳು ಬಿಡುಗಡೆಯಾಗದ ಹಣ ಮಾರ್ಚ್ ಕೊನೆಯಲ್ಲಿ ಖಜಾನೆಯಿಂದ ಒಮ್ಮೆಗೇ ಹೊರಬೀಳುತ್ತದೆ. ಅವಸರದಲ್ಲಿ ಕೊಂಡ ಸಾಮಗ್ರಿ, ಹಾಕಿದ ಡಾಂಬರು ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಸದನದಲ್ಲಿ ತಪ್ಪಿದ್ದನ್ನು ಹಿಡಿಯುವ ಕೆಲಸ ಲೆಕ್ಕಪರಿಶೋಧನೆಯದು. ಮಹಾಲೇಖಪಾಲರ ವರದಿ ಸದನದಲ್ಲಿ ಮಂಡನೆಯಾಗಿ, ವಿರೋಧ ಪಕ್ಷದ ಸದಸ್ಯರು ಅಧ್ಯಕ್ಷರಾಗುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ವರದಿ ಬರುವಷ್ಟರಲ್ಲಿ ಸಂಬಂಧಪಟ್ಟ ಅಧಿಕಾರಿ ವರ್ಗವಾಗಿ ಅಥವಾ ನಿವೃತ್ತರಾಗಿ ಹೋಗಿರುತ್ತಾರೆ, ಆದರೆ ಬರೆದದ್ದು ಉಳಿಯುತ್ತದೆ. ಖರೀದಿ ಮತ್ತು ಟೆಂಡರಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಅದರ 4(ಜಿ) ವಿನಾಯಿತಿಯಡಿ ಟೆಂಡರಿಲ್ಲದೆ ಕೊಟ್ಟ ಕಾಮಗಾರಿಗಳನ್ನು ಹಿಂಬಾಲಿಸಿದರೆ ಬಹಳಷ್ಟು ತಿಳಿಯುತ್ತದೆ. ಸೇವೆ ತಡವಾದರೆ 2011ರ ಸಕಾಲ ಕಾಯ್ದೆ, ಮಾಹಿತಿ ಬೇಕಾದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ, ಲಂಚ ಕೇಳಿದರೆ ಲೋಕಾಯುಕ್ತ. ಆಯವ್ಯಯದ ಸಂಪುಟಗಳೂ ಮಧ್ಯಮಾವಧಿ ವಿತ್ತೀಯ ಯೋಜನೆಯೂ ಆರ್ಥಿಕ ಇಲಾಖೆಯ ಜಾಲತಾಣದಲ್ಲಿವೆ. ಅವುಗಳಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ಎರಡು ವರ್ಷ ಹಿಂದಿನ ನಿಜವಾದ ಲೆಕ್ಕ ಈ ಮೂರೂ ಅಕ್ಕಪಕ್ಕದ ಅಂಕಣಗಳಲ್ಲಿ ಸಿಗುತ್ತವೆ. ತನ್ನ ತಾಲ್ಲೂಕಿನ ಆಸ್ಪತ್ರೆಗೆ ಘೋಷಿಸಿದ್ದೆಷ್ಟು, ಖರ್ಚಾದದ್ದೆಷ್ಟು ಎಂದು ನೋಡಬಯಸುವವರು ಓದಬೇಕಾದದ್ದು ನಿಜವಾದ ಲೆಕ್ಕದ ಅಂಕಣವನ್ನು.